ರಿಪೇರಿಯೋ, ಹೊಸದೋ: ಅಳೆದು ನೋಡಿ ಹೇಳುವ ದಾವಣಗೆರೆಯ ಪ್ರೊಪೆಲ್ಲರ್ ಶಾಫ್ಟ್ ವರ್ಕ್‌ಶಾಪ್

ದಾವಣಗೆರೆ ಸುತ್ತಮುತ್ತ ಸರಕು ವಾಹನ ಇಟ್ಟುಕೊಂಡವರಿಗೆ ಪ್ರೊಪೆಲ್ಲರ್ ಶಾಫ್ಟಿನ ತೊಂದರೆ ಅಪರೂಪವೇನಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಯಾರ್ಡಿಗೆ ಹೊರೆ ತುಂಬಿಕೊಂಡು ಬರುವ ಪಿಕಪ್‌ಗಳು, ಭದ್ರಾ ಅಚ್ಚುಕಟ್ಟಿನ ಗದ್ದೆಬಯಲಿನಲ್ಲಿ ಕೆಸರುನೀರಿಗೆ ಇಳಿದು ಭತ್ತದ ಚೀಲ ಹೊರುವ ಗಾಡಿಗಳು, ಜಗಳೂರು, ಚಳ್ಳಕೆರೆ ಕಡೆಯ ಧೂಳಿನಲ್ಲಿ ದಿನವಿಡೀ ತಿರುಗುವ ವಾಹನಗಳು, ಇವೆಲ್ಲ ಇಂದಲ್ಲ ನಾಳೆ ಗೇರ್‌ಬಾಕ್ಸಿಗೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೂ ನಡುವೆ ಸುತ್ತುವ ಆ ಉದ್ದನೆಯ ಕೊಳವೆಯ ಜಾಯಿಂಟುಗಳನ್ನು ಸವೆಸಿಕೊಳ್ಳುತ್ತವೆ. ಆಗ ಮಾಲೀಕನ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಇರುವ ಶಾಫ್ಟನ್ನೇ ಬಿಚ್ಚಿಸಿ, ಕ್ರಾಸು (ಜಾಯಿಂಟಿನೊಳಗೆ ಕೂತು ಅದನ್ನು ಬಾಗಗೊಡುವ, ನಾಲ್ಕು ತೋಳಿನ ತುಂಡು), ಬೇರಿಂಗು ಹಾಕಿಸಿ ಸರಿಮಾಡಿಸಬೇಕೋ, ಇಡೀ ಶಾಫ್ಟನ್ನೇ ಹೊಸದಾಗಿ ತರಬೇಕೋ?

ಈ ಪ್ರಶ್ನೆಗೆ ನಮ್ಮ ಊರಿನಲ್ಲಿ ಸಿಗುವ ಉತ್ತರಗಳು ಹೆಚ್ಚಾಗಿ ಉತ್ತರ ಕೊಡುವವರ ಕಸುಬನ್ನು ಅವಲಂಬಿಸಿರುತ್ತವೆ. ಬಿಡಿಭಾಗ ಮಾರುವವರು ಪೂರ್ತಿ ಹೊಸ ಅಸೆಂಬ್ಲಿ ಹಾಕಿಸುವುದೇ ಕ್ಷೇಮವೆನ್ನುತ್ತಾರೆ. ಲೇತ್ ಇಟ್ಟುಕೊಂಡವರು ಎರಡು ಕ್ರಾಸ್ ಹೊಡೆದರೆ ಸಾಕು ಎನ್ನುತ್ತಾರೆ. ಇಬ್ಬರೂ ಶಾಫ್ಟನ್ನು ಬಿಚ್ಚುವ ಮೊದಲೇ ಈ ಮಾತು ಹೇಳುತ್ತಾರೆ ಎಂಬುದೇ ನನ್ನ ಆಕ್ಷೇಪ. ಹಳೆ ಪಿ.ಬಿ. ರಸ್ತೆಯ ಪಕ್ಕದಲ್ಲಿರುವ, ಪ್ರೊಪೆಲ್ಲರ್ ಶಾಫ್ಟಿನ ಕೆಲಸವನ್ನಷ್ಟೇ ಮಾಡುವ ಈ ಚಿಕ್ಕ ವರ್ಕ್‌ಶಾಪಿನ ಬಗ್ಗೆ ಇಷ್ಟು ವಿವರವಾಗಿ ಬರೆಯಲು ಕಾರಣವೂ ಅದೇ. ಇಲ್ಲಿ ಶಾಫ್ಟ್ ಬೆಂಚಿನ ಮೇಲೆ ಬಂದು, ಬಿಚ್ಚಿ, ತೊಳೆದು, ಅಳೆದು ಆಗುವವರೆಗೂ ಯಾರೂ ದರವನ್ನೂ ಹೇಳುವುದಿಲ್ಲ, ತೀರ್ಮಾನವನ್ನೂ ಹೇಳುವುದಿಲ್ಲ.

ನಾವು ಒಯ್ದದ್ದು ಉದ್ದ ಚಾಸಿಯ ಪಿಕಪ್‌ನ ಎರಡು ತುಂಡಿನ ಶಾಫ್ಟ್. ನಡುವೆ ಸೆಂಟರ್ ಬೇರಿಂಗ್, ಮೂರು ಕಡೆ ಕ್ರಾಸ್ ಜಾಯಿಂಟ್, ಹಿಂದಿನ ತುಂಡಿನಲ್ಲಿ ಸ್ಪ್ಲೈನ್, ಎಂದರೆ ಒಂದರೊಳಗೊಂದು ಜಾರುವ ಹಲ್ಲಿನ ಜೋಡಿ. ರಿವರ್ಸ್‌ನಿಂದ ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಕೆಳಗಿನಿಂದ 'ಧಡ್' ಎಂಬ ಪೆಟ್ಟು ಕೇಳುತ್ತಿತ್ತು. ಹೆಬ್ಬಾಳು ಟೋಲ್ ದಾಟಿ ಭರಮಸಾಗರದ ಕಡೆಗೆ ಹೆದ್ದಾರಿಯಲ್ಲಿ ವೇಗ ಅರವತ್ತು ಮೀರಿದಂತೆ ಸೀಟಿನ ಅಡಿಯಲ್ಲಿ ನಡುಕ ಆರಂಭವಾಗಿ, ವೇಗ ಹೆಚ್ಚಿದಷ್ಟೂ ಅದು ಗುಂಯ್‌ಗುಡುವ ಸದ್ದಾಗಿ ಮಾರ್ಪಡುತ್ತಿತ್ತು. ಚಕ್ರದ ಬ್ಯಾಲೆನ್ಸಿಂಗ್ ಅದಾಗಲೇ ಮಾಡಿಸಿಯಾಗಿತ್ತು.

ವರ್ಕ್‌ಶಾಪಿನ ಹಿರಿಯ ಫಿಟ್ಟರ್ ಮೊದಲು ಮಾಡಿದ ಕೆಲಸವೆಂದರೆ ಗಾಡಿಯನ್ನು ತಾವೇ ಹೆದ್ದಾರಿಗೆ ಒಯ್ದು ಓಡಿಸಿ ನೋಡಿದ್ದು. ನಡುಕ ಚಕ್ರದ್ದೋ ಶಾಫ್ಟಿನದೋ ಎಂಬುದನ್ನು ಅವರು ಬೇರ್ಪಡಿಸಿದ ರೀತಿ ನನಗೆ ಬಹಳ ಹಿಡಿಸಿತು. ಗಂಟೆಗೆ 80 ಕಿ.ಮೀ. ವೇಗದಲ್ಲಿ, ಒಂದು ಸುತ್ತಿಗೆ ಸುಮಾರು 2.1 ಮೀಟರ್ ಸಾಗುವ ಚಕ್ರ ನಿಮಿಷಕ್ಕೆ 635 ಬಾರಿ ತಿರುಗುತ್ತದೆ. ಡಿಫರೆನ್ಷಿಯಲ್ ಅನುಪಾತ 4.1 ಎಂದಿಟ್ಟುಕೊಂಡರೆ ಅದೇ ಹೊತ್ತಿನಲ್ಲಿ ಶಾಫ್ಟ್ 2600 ಸುತ್ತು ಹೊಡೆದಿರುತ್ತದೆ. ಆದ್ದರಿಂದ ಚಕ್ರದ ದೋಷ ನಿಧಾನವಾದ ಅಲುಗಾಟವಾಗಿ, ಮುಂದಿನ ಚಕ್ರದ್ದಾದರೆ ಸ್ಟಿಯರಿಂಗಿನಲ್ಲಿ ಕೈಗೆ ತಿಳಿಯುತ್ತದೆ. ಶಾಫ್ಟಿನ ದೋಷ ಅದಕ್ಕಿಂತ ನಾಲ್ಕು ಪಟ್ಟು ಬಿರುಸಾದ ಕಂಪನವಾಗಿ ಸೀಟಿನಲ್ಲಿ, ಪಾದದಡಿಯ ತಗಡಿನಲ್ಲಿ ತಿಳಿಯುತ್ತದೆ. ಅವರು ವೇಗ ಏರಿಸಿ, ಕ್ಲಚ್ ಒತ್ತಿ, ಎಂಜಿನ್ನನ್ನು ಐಡಲ್‌ಗೆ ಬಿಟ್ಟು ಗಾಡಿಯನ್ನು ಹಾಗೇ ಹರಿಯಗೊಟ್ಟರು. ಎಂಜಿನ್ ಸುತ್ತು ಇಳಿದರೂ ಕಂಪನ ಇಳಿಯಲಿಲ್ಲ. ಎಂಜಿನ್ ಮೌಂಟಿಂಗ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಶಾಫ್ಟ್ ಇಳಿಸುವ ಮೊದಲು ಬೋಲ್ಟಿನಿಂದ ಕೂಡುವ ತಟ್ಟೆಗಳಾದ ಫ್ಲೇಂಜುಗಳ ಪ್ರತಿ ಜೋಡಿಗೂ ಬಿಳಿ ಬಣ್ಣದಲ್ಲಿ ಗೆರೆ ಎಳೆದರು, ಸ್ಪ್ಲೈನಿನ ಎರಡೂ ಭಾಗಕ್ಕೆ ಪಂಚಿನಿಂದ ಗುರುತು ಹಾಕಿದರು. ಇದು ಚಿಕ್ಕ ಕೆಲಸವೆಂದು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಇದೇ ಗಾಡಿಯ ಶಾಫ್ಟನ್ನು ಹಿಂದೊಮ್ಮೆ ಬೇರೊಂದು ಕಡೆ ಬಿಚ್ಚಿ ಜೋಡಿಸಿದಾಗ ಗುರುತು ಹಾಕದೆ ಸ್ಪ್ಲೈನನ್ನು ಕೈಗೆ ಬಂದಂತೆ ತೂರಿಸಿದ್ದರು. ಅದರ ಫಲವಾಗಿ ಹೊಸ ಕ್ರಾಸ್ ಹಾಕಿಸಿದ ಮೇಲೂ ನಡುಕ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ, ಸ್ವಲ್ಪ ಕಾಲದಲ್ಲೇ ಸೆಂಟರ್ ಬೇರಿಂಗಿನ ರಬ್ಬರೂ ಹರಿಯಿತು. ಕಾರಣ ಸರಳವಾಗಿದೆ. ಕ್ರಾಸ್ ಜಾಯಿಂಟ್ ಬಾಗಿದ ಕೋನದಲ್ಲಿ ತಿರುಗುವಾಗ, ಒಳಬರುವ ವೇಗ ಒಂದೇ ಸಮನಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಏರಿ, ಎರಡು ಸಲ ಇಳಿಯುತ್ತದೆ. ಶಾಫ್ಟಿನ ಎರಡೂ ತುದಿಯ ಯೋಕ್‌ಗಳು (ಕ್ರಾಸನ್ನು ಹಿಡಿಯುವ ಕವಲುಗಳು) ತಯಾರಕರು ಇಟ್ಟ ಸಾಲಿನಲ್ಲೇ ಇದ್ದು, ಎರಡೂ ಜಾಯಿಂಟುಗಳ ಕೋನ ಸಮನಾಗಿದ್ದರೆ ಮಾತ್ರ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಸ್ಪ್ಲೈನ್ ಒಂದೆರಡು ಹಲ್ಲು ಆಚೀಚೆಯಾಗಿ ಕೂತರೆ ಆ ಹೊಂದಾಣಿಕೆ ಕೆಡುತ್ತದೆ. ಎಷ್ಟು ಒಳ್ಳೆಯ ಕ್ರಾಸ್ ಹಾಕಿದರೂ, ಎಷ್ಟು ನಾಜೂಕಾಗಿ ಬ್ಯಾಲೆನ್ಸ್ ಮಾಡಿದರೂ ಅದು ಸರಿಹೋಗುವುದಿಲ್ಲ.

ಇನ್ನು ಅಳತೆಯ ವಿಚಾರ. ರಿಪೇರಿಯೋ ಹೊಸದೋ ಎಂಬುದು ತೀರ್ಮಾನವಾಗುವುದು ಇಲ್ಲಿಯೇ.

ಮೊದಲು ಕ್ರಾಸ್‌ಗಳು. ಸರ್ಕ್ಲಿಪ್ (ಹಿಡಿದಿಡುವ ಉಂಗುರ) ತೆಗೆದು, ಸುತ್ತಿಗೆಯಿಂದ ಬಡಿಯದೆ ಪ್ರೆಸ್ಸಿನಲ್ಲಿ ಒತ್ತಿ, ಕ್ರಾಸಿನ ತೋಳುಗಳ ಮೇಲೆ ಕೂರುವ, ಒಳಗೆ ನೀಡಲ್ (ಸೂಜಿಯಂಥ ರೋಲರ್) ಜೋಡಿಸಿದ ಬೇರಿಂಗ್ ಕಪ್‌ಗಳನ್ನು ಹೊರತೆಗೆದರು. ಹಿಂದಿನ ಕ್ರಾಸಿನ ಒಂದು ಕಪ್ಪಿನಿಂದ ಗ್ರೀಸ್ ಬರಲಿಲ್ಲ. ಬಂದದ್ದು ಕೆಂಪು ಮಣ್ಣಿನ ಬಣ್ಣದ ಒಣ ಪುಡಿ. ನೀರು ನುಗ್ಗಿ, ಗ್ರೀಸ್ ತೊಳೆದುಹೋಗಿ, ನೀಡಲ್‌ಗಳು ಉಕ್ಕಿನ ಮೇಲೆ ಉಕ್ಕಾಗಿ ಉಜ್ಜಿದಾಗ ಆಗುವ ತುಕ್ಕಿನ ಪುಡಿ ಅದು. ಕ್ರಾಸಿನ ತೋಳನ್ನು ಡೀಸೆಲ್‌ನಲ್ಲಿ ತೊಳೆದು ನನ್ನ ಕೈಗೇ ಕೊಟ್ಟರು. ಒಂದು ಬದಿಯಲ್ಲಿ ಕನ್ನಡಿಯಂತೆ ನುಣುಪು. ಭಾರ ಬೀಳುವ ಬದಿಯಲ್ಲಿ ಒಂದರ ಪಕ್ಕ ಒಂದು ಸಮಾನಾಂತರ ಗೆರೆಗಳು, ಪ್ರತಿ ಗೆರೆಯೂ ಒಂದೊಂದು ನೀಡಲ್ ಕೂತು ಕೂತು ಒತ್ತಿದ ಗುರುತು. ಉಗುರು ಹಾಯಿಸಿದರೆ ಒಂದೊಂದೂ ತಟ್ಟುತ್ತಿತ್ತು. ಇಂತಹ ತೋಳಿಗೆ ಹೊಸ ಗ್ರೀಸ್ ತುಂಬಿ ಪ್ರಯೋಜನವಿಲ್ಲ. ಕ್ರಾಸ್ ಬದಲಾಯಿಸಲೇಬೇಕು. ಆದರೆ ಕ್ರಾಸ್ ಸವೆದದ್ದು ಇಡೀ ಶಾಫ್ಟನ್ನು ಎಸೆಯಲು ಕಾರಣವಾಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕ್ರಾಸ್ ಇರುವುದೇ ಸವೆದಾಗ ಬದಲಾಯಿಸಲು.

ಎರಡನೆಯದು ಯೋಕ್‌ಗಳ ಬೋರ್, ಎಂದರೆ ಕಪ್ ಕೂರುವ ತೂತು. ನನ್ನ ಅಭಿಪ್ರಾಯದಲ್ಲಿ ಬೇರೆಲ್ಲಕ್ಕಿಂತ ಮುಖ್ಯವಾದ ಅಳತೆ ಇದು. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಇದನ್ನು ಅಳೆಯುವವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಸವೆದ ಕ್ರಾಸನ್ನು ಬಹಳ ದಿನ ಓಡಿಸಿದರೆ ಕಪ್ಪು ತನ್ನ ಮನೆಯೊಳಗೇ ತಿರುಗಲು ಆರಂಭಿಸುತ್ತದೆ, ಬೋರ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಪ್ಪು ಬಿಗಿಯಾಗಿ ಒತ್ತಿಯೇ ಒಳಹೋಗಬೇಕು; ಬೆರಳಿನಲ್ಲಿ ತಳ್ಳಿದರೆ ಜಾರಿ ಹೋಗುವಂತಿದ್ದರೆ ಆ ಯೋಕ್ ಮುಗಿದ ಹಾಗೆ. ಕೆಲವು ಕಡೆ ಇಂತಹ ಬೋರಿನ ಒಳಗೋಡೆಗೆ ಪಂಚಿನಿಂದ ಚುಕ್ಕಿ ಹೊಡೆದು ಉಬ್ಬಿಸುತ್ತಾರೆ, ತೆಳುವಾದ ತಗಡಿನ ಪಟ್ಟಿ ಸುತ್ತಿ ಕಪ್ಪನ್ನು ಕೂರಿಸುತ್ತಾರೆ, ಕಪ್ಪಿಗೆ ವೆಲ್ಡಿಂಗ್ ಚುಕ್ಕಿ ಇಡುವವರೂ ಇದ್ದಾರೆ. ಮೂರೂ ಅಪಾಯಕಾರಿ. ಅಂಚು ಬಿಟ್ಟುಕೊಂಡು ಕಪ್ ಹೊರಬಂದರೆ ಶಾಫ್ಟ್ ಕೆಳಗೆ ಬೀಳುತ್ತದೆ. ಮುಂದಿನ ತುದಿ ಕಳಚಿ ಬಿದ್ದು ಓಟದಲ್ಲಿ ರಸ್ತೆಗೆ ನಾಟಿತೆಂದರೆ ಗಾಡಿಯ ಹಿಂಭಾಗವನ್ನೇ ಎತ್ತಿ ಹಾಕಬಲ್ಲದು. ಲಾರಿಗಳಲ್ಲಿ ಶಾಫ್ಟಿನ ಸುತ್ತ ಕಬ್ಬಿಣದ ಬಳೆ ಕಟ್ಟಿರುವುದು ಆ ಕಾರಣಕ್ಕಾಗಿಯೇ. ಇಲ್ಲಿ ಬೋರ್ ಗೇಜ್ ಹಾಕಿ ಒಂದೇ ಬೋರನ್ನು ಎರಡು ದಿಕ್ಕಿನಲ್ಲಿ ಅಳೆದು, ವ್ಯತ್ಯಾಸವನ್ನು ಸೀಮೆಸುಣ್ಣದಲ್ಲಿ ಶಾಫ್ಟಿನ ಮೇಲೆಯೇ ಬರೆದರು. ನಮ್ಮದರಲ್ಲಿ ಎಲ್ಲವೂ ಗಟ್ಟಿಯಾಗಿದ್ದವು, ಹಿಂದಿನ ಕೊನೆಯ ಫ್ಲೇಂಜ್ ಯೋಕ್ ಒಂದನ್ನು ಬಿಟ್ಟು. ಅದು ಬೋಲ್ಟಿನಿಂದ ಬಿಚ್ಚಿ ಬರುವ ಭಾಗವಾದ್ದರಿಂದ ಅದೊಂದನ್ನೇ ಹೊಸದು ಹಾಕಬಹುದಿತ್ತು. ಕೊಳವೆಗೆ ವೆಲ್ಡ್ ಆಗಿರುವ ಯೋಕ್ ಕೆಟ್ಟಿದ್ದರೆ ಅದನ್ನು ಲೇತಿನಲ್ಲಿ ಕತ್ತರಿಸಿ, ಹೊಸ ಯೋಕನ್ನು ಒತ್ತಿ ಕೂರಿಸಿ, ನೇರ ನೋಡಿ ಸುತ್ತಲೂ ವೆಲ್ಡ್ ಮಾಡಬೇಕಾಗುತ್ತಿತ್ತು. ಖರ್ಚು ಅಲ್ಲಿಂದ ಮೇಲೇರುತ್ತದೆ.

ಮೂರನೆಯದು ಸ್ಪ್ಲೈನ್. ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುವಾಗ ಶಾಫ್ಟಿನ ಉದ್ದ ಬದಲಾಗಲೇಬೇಕು. ಆ ಜಾರುವಿಕೆಯೆಲ್ಲ ನಡೆಯುವುದು ಸ್ಪ್ಲೈನಿನಲ್ಲಿ. ಎರಡು ಭಾಗಗಳನ್ನು ಹಿಡಿದು ತಿರುಚಿದಾಗ ಬರುವ ಆಟ, ಮೇಲೆ ಕೆಳಗೆ ಅಲ್ಲಾಡಿಸಿದಾಗ ಬರುವ ಆಟ, ಎರಡನ್ನೂ ಡಯಲ್ ಗೇಜಿನ ಮುಳ್ಳಿನಲ್ಲಿ ತೋರಿಸಿದರು. ಇಲ್ಲಿ ಅವರ ನಿಲುವು ಖಡಾಖಂಡಿತ: ಸ್ಪ್ಲೈನ್ ಸವೆದಿದ್ದರೆ ಗಂಡು ಹೆಣ್ಣು ಎರಡೂ ಭಾಗಗಳನ್ನು ಜೋಡಿಯಾಗಿಯೇ ಬದಲಾಯಿಸಬೇಕು. ಹಳೆಯ ಹಲ್ಲಿನ ಮೇಲೆ ವೆಲ್ಡಿಂಗ್ ತುಂಬಿ ಮತ್ತೆ ಹಲ್ಲು ಕತ್ತರಿಸುವ ಕೆಲಸವನ್ನು ಅವರು ಮಾಡುವುದಿಲ್ಲ, ಯಾಕೆಂದರೆ ಆ ಮೇಲ್ಮೈಗೆ ಕಾರ್ಖಾನೆಯಲ್ಲಿ ಕೊಟ್ಟ ಗಡಸುತನ ವೆಲ್ಡಿಂಗ್ ಕಾವಿಗೆ ಹೋಗಿಬಿಡುತ್ತದೆ. ಇತ್ತೀಚಿನ ಹಲವು ಶಾಫ್ಟುಗಳಲ್ಲಿ ಸ್ಪ್ಲೈನಿನ ಮೇಲೆ ನೈಲಾನ್ ಜಾತಿಯ ಲೇಪನವಿರುತ್ತದೆ. ಅದು ಎದ್ದುಹೋಗಿ ಒಳಗಿನ ಉಕ್ಕು ಕಾಣುತ್ತಿದ್ದರೆ ಅದರ ಆಯುಷ್ಯ ಮುಗಿಯಿತೆಂದೇ ಲೆಕ್ಕ. ನಮ್ಮ ಸ್ಪ್ಲೈನ್ ಉಳಿಯಿತು; ತೊಳೆದು ಗ್ರೀಸ್ ಹಾಕುವುದಷ್ಟೇ ಬೇಕಾಯಿತು.

ನಾಲ್ಕನೆಯದು ಕೊಳವೆ. ಎರಡು ತುದಿಗಳನ್ನು ಲೇತ್ ಸೆಂಟರಿನಲ್ಲಿ ಹಿಡಿದು, ಕೈಯಿಂದ ಮೆಲ್ಲಗೆ ತಿರುಗಿಸುತ್ತ, ಮೂರು ಕಡೆ ಡಯಲ್ ಗೇಜ್ ಇಟ್ಟು ಓಲಾಟ ನೋಡಿದರು. ಹಗುರ ವಾಹನಗಳಲ್ಲಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನೊಳಗೆ ಸಾಮಾನ್ಯವಾಗಿ ಮಿತಿ ಇರುತ್ತದೆ. ನಿಖರವಾದ ಅಂಕಿಯನ್ನು ಆಯಾ ವಾಹನದ ವರ್ಕ್‌ಶಾಪ್ ಕೈಪಿಡಿಯಲ್ಲೇ ನೋಡಬೇಕು. ಸ್ವಲ್ಪ ಬಾಗಿದ್ದರೆ ಕಾವು ಕೊಟ್ಟೋ ಒತ್ತಿಯೋ ನೇರ ಮಾಡಬಹುದು. ಆದರೆ ಕಲ್ಲು ಬಡಿದು ಕೊಳವೆ ಒಳಕ್ಕೆ ಕುಗ್ಗಿದ್ದರೆ, ತಿರುಚಿಕೊಂಡಿದ್ದರೆ, ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಅಥವಾ ತುಕ್ಕು ಗುಳಿ ಗುಳಿಯಾಗಿ ತಿಂದಿದ್ದರೆ ಕೊಳವೆಯನ್ನು ಉಳಿಸಬಾರದು. ಕೊಳವೆಯ ಗೋಡೆ ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ, ಎಂಜಿನ್ನಿನ ಇಡೀ ತಿರುಚುಬಲ ಮೊದಲ ಗೇರಿನಲ್ಲಿ ಹಲವು ಪಟ್ಟಾಗಿ ಅದರ ಮೂಲಕವೇ ಹಾಯುತ್ತದೆ ಎಂಬುದನ್ನು ನೆನೆದರೆ ಇದರಲ್ಲಿ ರಾಜಿ ಯಾಕಿಲ್ಲವೆಂದು ತಿಳಿಯುತ್ತದೆ.

ಸೆಂಟರ್ ಬೇರಿಂಗನ್ನು ಅಳೆಯುವ ಗೋಜಿಗೆ ಹೋಗಲಿಲ್ಲ. ಶಾಫ್ಟ್ ಹೊರಬಂದ ಮೇಲೆ ಅದನ್ನು ಹೊಸದು ಹಾಕದೆ ಒಳಗೆ ಕಳಿಸುವುದಿಲ್ಲವೆಂದರು. ಅದೂ ಸರಿಯೇ.

ಇಷ್ಟಾದ ಮೇಲೆ ಅವರು ತೀರ್ಮಾನ ಹೇಳಿದರು. ಅವರ ಲೆಕ್ಕ ಹೀಗಿದೆ: ಕ್ರಾಸ್, ಸೆಂಟರ್ ಬೇರಿಂಗ್ ಮತ್ತು ಬೋಲ್ಟಿನಿಂದ ಬಿಚ್ಚುವ ಒಂದು ಯೋಕ್, ಇಷ್ಟರೊಳಗೆ ಕೆಲಸ ಮುಗಿದರೆ ರಿಪೇರಿಯೇ ಸರಿ; ಸ್ಪ್ಲೈನಿನ ಜೋಡಿ ಅಥವಾ ವೆಲ್ಡ್ ಯೋಕ್ ಇವೆರಡರಲ್ಲಿ ಒಂದು ಕೆಟ್ಟಿದ್ದರೆ ಹೊಸ ಶಾಫ್ಟಿನ ದರ ವಿಚಾರಿಸಿ ಹೋಲಿಸಬೇಕು; ಎರಡೂ ಕೆಟ್ಟಿದ್ದರೆ ಅಥವಾ ಕೊಳವೆಯಲ್ಲಿ ದೋಷವಿದ್ದರೆ ರಿಪೇರಿಗೆ ಕೈ ಹಾಕುವುದೇ ಬೇಡ. ನಮಗಿಂತ ಮುಂಚೆ ಬಂದಿದ್ದ ಟಿಪ್ಪರ್ ಮಾಲೀಕರೊಬ್ಬರಿಗೆ, ಹೊಳಲ್ಕೆರೆ ಕಡೆಯ ಅದಿರಿನ ಕೆಲಸದಲ್ಲಿ ತಿರುಚಿಹೋಗಿದ್ದ ಶಾಫ್ಟನ್ನು ತೋರಿಸಿ, ನಮ್ಮಿಂದ ಆಗುವುದಿಲ್ಲ, ಹೊಸದೇ ತನ್ನಿ ಎಂದು ನೇರವಾಗಿ ಹೇಳಿ ಕಳಿಸಿದ್ದನ್ನು ನಾನು ಕಂಡೆ. ರಿಪೇರಿಯಿಂದಲೇ ಹೊಟ್ಟೆ ಹೊರೆಯುವವರು ರಿಪೇರಿ ಬೇಡವೆನ್ನುವುದು ದೊಡ್ಡ ಮಾತು. ಅವರ ಮೇಲೆ ನನಗೆ ಭರವಸೆ ಮೂಡಿದ್ದು ಆ ಗಳಿಗೆಯಲ್ಲಿ.

ಜೋಡಣೆಯ ಕೆಲಸದಲ್ಲೂ ಇದೇ ಶಿಸ್ತು ಇತ್ತು. ಹೊಸ ಕ್ರಾಸಿನ ಕಪ್ಪುಗಳಲ್ಲಿ ನೀಡಲ್‌ಗಳು ಗ್ರೀಸಿನ ಹಿಡಿತದಲ್ಲಿ ನಿಂತಿರುತ್ತವೆ. ಒತ್ತುವಾಗ ಒಂದೇ ಒಂದು ನೀಡಲ್ ಜಾರಿ ಕಪ್ಪಿನ ತಳಕ್ಕೆ ಅಡ್ಡ ಬಿದ್ದರೂ ಕಪ್ಪು ಪೂರ್ತಿ ಒಳಗೆ ಕೂರುವುದಿಲ್ಲ, ಸರ್ಕ್ಲಿಪ್ ತನ್ನ ತೋಡಿಗೆ ಬೀಳುವುದಿಲ್ಲ. ಅವಸರದವರು ಆಗ ಸುತ್ತಿಗೆ ಎತ್ತುತ್ತಾರೆ, ನೀಡಲ್ ಮುರಿಯುತ್ತದೆ, ಹೊಸ ಕ್ರಾಸ್ ಕೆಲವೇ ಸಾವಿರ ಕಿಲೋಮೀಟರಿಗೆ ಮತ್ತೆ ಸದ್ದು ಮಾಡುತ್ತದೆ. ಇಲ್ಲಿನ ಹುಡುಗ ಕ್ರಾಸಿನ ತೋಳನ್ನು ಎದುರಿನಿಂದ ಕಪ್ಪಿನೊಳಗೆ ಮುಂಚೆಯೇ ಸೇರಿಸಿ ನೀಡಲ್‌ಗಳಿಗೆ ಆಸರೆ ಕೊಟ್ಟು, ಪ್ರೆಸ್ಸಿನ ಹಿಡಿಯನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ, ನಡುನಡುವೆ ಕ್ರಾಸನ್ನು ಬೆರಳಿನಿಂದ ಆಡಿಸಿ ನೋಡುತ್ತಿದ್ದ. ಬೇರೆ ಬೇರೆ ದಪ್ಪದ ಸರ್ಕ್ಲಿಪ್‌ಗಳಿಂದ ಆರಿಸಿ, ಕ್ರಾಸ್ ಯೋಕಿನ ನಟ್ಟನಡುವೆ ಬರುವಂತೆ, ಉದ್ದಕ್ಕೆ ಆಟ ಇಲ್ಲವೆನ್ನುವಷ್ಟಿರುವಂತೆ ಹೊಂದಿಸಿದ. ಜೋಡಿಸಿದ ಜಾಯಿಂಟ್ ತೂಗಾಡಬಾರದು, ಗಂಟು ಗಂಟಾಗಿ ಹಿಡಿಯಲೂ ಬಾರದು. ಎಲ್ಲ ದಿಕ್ಕಿಗೂ ಒಂದೇ ಹದದ ಬಿಗಿಯಲ್ಲಿ ಬಾಗಬೇಕು. ಗ್ರೀಸ್ ಗನ್ ಹಾಕಿದಾಗ ನಾಲ್ಕೂ ಸೀಲುಗಳಿಂದ ಹೊಸ ಗ್ರೀಸ್ ಇಣುಕುವವರೆಗೆ ಬಿಡಲಿಲ್ಲ. ಮೂರು ಕಡೆ ಬಂದು ಒಂದು ಕಡೆ ಬರದಿದ್ದರೆ ಆ ನಾಲ್ಕನೆಯ ತೋಳೇ ಮೊದಲು ಸಾಯುವುದು.

ಆಮೇಲೆ ಬ್ಯಾಲೆನ್ಸಿಂಗ್. ಪ್ರೊಪೆಲ್ಲರ್ ಶಾಫ್ಟಿಗೆ ಐಎಸ್‌ಒ ಮಾನದಂಡದಲ್ಲಿ ಜಿ16 ಎಂಬ ದರ್ಜೆ ಇದೆ. ಅದನ್ನು ಲೆಕ್ಕಕ್ಕೆ ಇಳಿಸಿದರೆ, ನಿಮಿಷಕ್ಕೆ 3000 ಸುತ್ತಿನಲ್ಲಿ ತಿರುಗುವ ಶಾಫ್ಟಿನ ತೂಕದ ಕೇಂದ್ರ ತಿರುಗುವ ಅಕ್ಷದಿಂದ ಒಂದು ಮಿಲಿಮೀಟರಿನ ನೂರರಲ್ಲಿ ಐದು ಭಾಗಕ್ಕಿಂತ ಹೆಚ್ಚು ಸರಿದಿರಬಾರದು. 10 ಕೆ.ಜಿ. ತೂಕದ, 75 ಮಿ.ಮೀ. ವ್ಯಾಸದ ಕೊಳವೆಗೆ ಇದು ಎರಡೂ ತುದಿ ಸೇರಿ ಸುಮಾರು 13 ಗ್ರಾಂ ಆಗುತ್ತದೆ. ಚಕ್ರಕ್ಕೆ ಅಂಟಿಸುವ ಒಂದೆರಡು ಸೀಸದ ತುಂಡಿನಷ್ಟು ತೂಕ ಆಚೀಚೆಯಾದರೂ ಸೀಟಿನಡಿ ನಡುಕ ಬರುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕ್ರಾಸ್ ಬದಲಾಯಿಸಿ ಬ್ಯಾಲೆನ್ಸ್ ನೋಡದೆ ಗಾಡಿಗೆ ಕಟ್ಟುವುದು ಅರ್ಧ ಕೆಲಸವೆಂದು ನಾನು ಹೇಳುವುದು ಈ ಲೆಕ್ಕದ ಮೇಲೆಯೇ. ಇಲ್ಲಿ ಶಾಫ್ಟನ್ನು ಯಂತ್ರದಲ್ಲಿ ಸುತ್ತಿಸಿ, ಹಳೆಯ ಎರಡು ತೂಕದ ತುಂಡುಗಳನ್ನು ಗ್ರೈಂಡ್ ಮಾಡಿ ತೆಗೆದು, ಹೊಸ ಜಾಗ ಪತ್ತೆ ಮಾಡಿ ಅಲ್ಲಿ ತೂಕ ವೆಲ್ಡ್ ಮಾಡಿದರು.

ಖರ್ಚಿನ ಬಗ್ಗೆ ಹೇಳುವುದಾದರೆ, ಬಿಡಿಭಾಗ, ಕೂಲಿ, ಬ್ಯಾಲೆನ್ಸಿಂಗ್ ಎಲ್ಲ ಸೇರಿ ಕಂಪನಿಯ ಹೊಸ ಶಾಫ್ಟಿನ ದರದ ಅರ್ಧಕ್ಕಿಂತ ಕಡಿಮೆಯಾಯಿತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿರುವುದರಿಂದ ಹೊಸ ಶಾಫ್ಟಿನ ದರವೂ ಮೊದಲಿಗಿಂತ ಹಗುರವಾಗಿದೆ. ಆದ್ದರಿಂದ ಹಳೆಯ ಲೆಕ್ಕವನ್ನೇ ನೆಚ್ಚಿಕೊಳ್ಳದೆ ಹೊಸದಾಗಿ ಕೊಟೇಶನ್ ಕೇಳುವುದು ಒಳ್ಳೆಯದು. ಕ್ರಾಸ್ ಕೊಳ್ಳುವಾಗ ಮಾತ್ರ ಅಗ್ಗದ ದಾರಿ ಹಿಡಿಯಬಾರದು. ಸ್ಪೈಸರ್‌ನಂತಹ ಹೆಸರಾದ ಬ್ರ್ಯಾಂಡಿನ ಪೆಟ್ಟಿಗೆಯಲ್ಲಿ ನಕಲಿ ಮಾಲು ಬರುವ ಸಾಧ್ಯತೆ ಯಾವ ಊರಿನ ಮಾರುಕಟ್ಟೆಯಲ್ಲೂ ಇರುತ್ತದೆ, ಹಾಗಾಗಿ ಬಿಲ್ ಕೊಡುವ ಅಧಿಕೃತ ಅಂಗಡಿಯಿಂದಲೇ ತರಬೇಕು. ಗ್ರಾಹಕರೇ ತಂದ ಕ್ರಾಸನ್ನೂ ಈ ವರ್ಕ್‌ಶಾಪಿನಲ್ಲಿ ಹಾಕಿಕೊಡುತ್ತಾರೆ, ಆದರೆ ಮೈಕ್ರೋಮೀಟರ್ ಹಿಡಿದು ನೋಡಿದ ಮೇಲೆ.

ಕಾರುಗಳವರಿಗೆ ಒಂದು ಮಾತು. ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಕಾರುಗಳ ಡ್ರೈವ್‌ಶಾಫ್ಟಿನಲ್ಲಿ ಕ್ರಾಸ್ ಇರುವುದಿಲ್ಲ, ಹೊರತುದಿಯಲ್ಲಿ ಸಾಮಾನ್ಯವಾಗಿ ಆರು ಗುಂಡುಗಳ ಸಿ.ವಿ. (ವೇಗ ಏರಿಳಿಯದಂತೆ ತಿರುಗಿಸುವ) ಜಾಯಿಂಟ್ ಇರುತ್ತದೆ. ಆ ಕೆಲಸ ಇಲ್ಲಿ ಆಗುವುದಿಲ್ಲ. ಆದರೂ ಕೇಳಿದವರಿಗೆ ಸರಿಯಾದ ಸಲಹೆ ಕೊಡುತ್ತಾರೆ: ರಬ್ಬರ್ ಬೂಟ್ ಹರಿದದ್ದು ತಕ್ಷಣ ಕಣ್ಣಿಗೆ ಬಿದ್ದು, ಇನ್ನೂ ಸದ್ದು ಬಂದಿಲ್ಲವೆಂದರೆ ಬಿಚ್ಚಿ ತೊಳೆದು, ಮಾಲಿಬ್ಡಿನಂ ಬೆರೆತ ಗ್ರೀಸ್ ತುಂಬಿ, ಹೊಸ ಬೂಟ್ ಹಾಕಿಸಿದರೆ ಸಾಕು, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಸದ್ದು ಬರುತ್ತಿದ್ದರೆ ಗುಂಡು ಓಡುವ ತೋಡುಗಳಲ್ಲಿ ಗುಳಿ ಬಿದ್ದಿರುತ್ತದೆ, ಆ ಜಾಯಿಂಟಿಗೆ ಗ್ರೀಸ್ ಔಷಧವಲ್ಲ, ಬದಲಾಯಿಸಬೇಕು. ಎಬಿಎಸ್ ಇರುವ ಹಲವು ಕಾರುಗಳಲ್ಲಿ ಹೊರ ಜಾಯಿಂಟಿನ ಮೇಲೆಯೇ ಚಕ್ರದ ವೇಗ ಅಳೆಯಲು ಹಲ್ಲಿನ ಉಂಗುರ ಇರುತ್ತದೆ. ಹೊಸ ಜಾಯಿಂಟಿನಲ್ಲಿ ಆ ಹಲ್ಲುಗಳ ಸಂಖ್ಯೆ ಹಳೆಯದರಷ್ಟೇ ಇದೆಯೇ ಎಂದು ಎಣಿಸಿಯೇ ಕೊಳ್ಳಬೇಕು.

ಕೊರತೆಗಳೂ ಇವೆ, ಅವನ್ನು ಮುಚ್ಚಿಡುವುದು ಓದುವವರಿಗೆ ಅನ್ಯಾಯ. ಬ್ಯಾಲೆನ್ಸಿಂಗ್ ಯಂತ್ರ ಒಂದೇ ಇರುವುದರಿಂದ ಸುಗ್ಗಿಯ ಕಾಲದಲ್ಲಿ ಸರದಿ ಉದ್ದವಾಗುತ್ತದೆ. ಗಾಡಿಯ ಬಾಡಿಗೆಯಿಂದಲೇ ಸಂಸಾರ ನಡೆಸುವವರಿಗೆ ಗಾಡಿ ನಿಂತ ಪ್ರತಿದಿನವೂ ನಷ್ಟ. ಎಷ್ಟು ದಿನ ಬೇಕಾಗುತ್ತದೆಂದು ಮುಂಚಿತವಾಗಿ ಖಚಿತವಾಗಿ ಹೇಳುವುದಿಲ್ಲ. ಅಪರೂಪದ ವಾಹನಗಳ ಸ್ಪ್ಲೈನ್ ಜೋಡಿ ಬೆಂಗಳೂರಿನಿಂದ ಬರಬೇಕು. ಕಾಯುವವರಿಗೆ ನೆರಳಿಲ್ಲ, ಒಂದು ಬೆಂಚೂ ಇಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಕೊರತೆ, ಜಾಯಿಂಟಿನ ಕೋನವನ್ನು ಅವರು ತಾವಾಗಿ ನೋಡುವುದಿಲ್ಲ. ನಮ್ಮ ಭಾಗದ ಪಿಕಪ್‌ಗಳಲ್ಲಿ ಹೆಚ್ಚು ಭಾರ ಹೊರಲೆಂದು ಹಿಂದಿನ ಸ್ಪ್ರಿಂಗಿಗೆ ಒಂದೆರಡು ಪಟ್ಟಿ ಹೆಚ್ಚುವರಿ ಹಾಕಿಸುವುದು ಸಾಮಾನ್ಯ. ಹಾಗೆ ಮಾಡಿದಾಗ ಖಾಲಿ ಗಾಡಿಯ ಹಿಂಭಾಗ ಮೇಲೇಳುತ್ತದೆ, ಶಾಫ್ಟ್ ಹೆಚ್ಚು ಬಾಗಿದ ಕೋನದಲ್ಲಿ ತಿರುಗಬೇಕಾಗುತ್ತದೆ, ಡಿಫರೆನ್ಷಿಯಲ್ಲಿಗೆ ಶಾಫ್ಟ್ ಸೇರುವ ಪಿನಿಯನ್ನಿನ ಮೂತಿಯ ದಿಕ್ಕು ಬದಲಾದರೆ ಎರಡು ಜಾಯಿಂಟುಗಳ ಕೋನಗಳ ಸಮತೆಯೂ ತಪ್ಪುತ್ತದೆ. ಹೆದ್ದಾರಿಯ ವೇಗದಲ್ಲಿ ಕೋನ 3 ಡಿಗ್ರಿಯೊಳಗಿದ್ದು, ಎರಡೂ ತುದಿಗಳ ವ್ಯತ್ಯಾಸ 1 ಡಿಗ್ರಿಯೊಳಗಿದ್ದರೆ ಕ್ರಾಸ್ ನೆಮ್ಮದಿಯಾಗಿ ಬಾಳುತ್ತದೆ. ನಾನು ಒತ್ತಾಯಿಸಿದ ಮೇಲೆ ಫಿಟ್ಟರ್ ಕೋನಮಾಪಕ ತಂದು ನೋಡಿದರು. ಹೆಚ್ಚುವರಿ ಪಟ್ಟಿಯಿಂದಾಗಿ ಹಿಂದಿನ ಜಾಯಿಂಟ್ ಮಿತಿ ಮೀರಿತ್ತು. ಕೆಂಪು ಪುಡಿ ಸಿಕ್ಕ ಕ್ರಾಸ್ ಅದೇ ಜಾಗದ್ದು. ಆ ಪಟ್ಟಿಯನ್ನು ತೆಗೆಸಿದ್ದೇವೆ, ಹೊರೆಯನ್ನೂ ಪರ್ಮಿಟ್ಟಿನ ಮಿತಿಗೆ ಇಳಿಸಿದ್ದೇವೆ. ಇಷ್ಟು ಅಳೆಯುವವರು ಈ ಒಂದು ಅಳತೆಯನ್ನೂ ತಮ್ಮ ವಾಡಿಕೆಗೆ ಸೇರಿಸಿಕೊಂಡರೆ ಹಾಕಿದ ಕ್ರಾಸ್ ಮತ್ತೆ ಬೇಗ ಸವೆದು ಬರುವುದು ತಪ್ಪುತ್ತದೆ.

ಫಲಿತಾಂಶ ಸ್ಪಷ್ಟವಾಗಿದೆ. ಗೇರ್ ಬದಲಿಸುವಾಗಿನ ಪೆಟ್ಟು ಹೋಗಿದೆ, ಚಿತ್ರದುರ್ಗದವರೆಗೆ ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಓಡಿಸಿದರೂ ಸೀಟಿನಡಿ ಸದ್ದಿಲ್ಲ. ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಫ್ಲೇಂಜ್ ಬೋಲ್ಟುಗಳ ಬಿಗಿ ನೋಡಿಸಲು ಕರೆದಿದ್ದರು; ಹಣ ಪಡೆಯದೆ ಟಾರ್ಕ್ ರೆಂಚ್ ಹಾಕಿ ನೋಡಿಕೊಟ್ಟರು. ನೀರಿಗೆ ಇಳಿದ ದಿನವೇ ಗ್ರೀಸ್ ಹೊಡೆಸಬೇಕು, ಮುಂದಿನ ಸರ್ವಿಸಿನವರೆಗೆ ಕಾಯಬಾರದು ಎಂದು ಚಾಲಕನಿಗೆ ಬೇರೆಯಾಗಿ ಕರೆದು ಹೇಳಿದರು. ಬಿಚ್ಚಿದ ಹಳೆಯ ಭಾಗಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಹಿಂದಿರುಗಿಸಿದರು.

ಅಲ್ಲಿಗೆ ಹೋಗುವವರು ಒಂದನ್ನು ಕೇಳಿ ಪಡೆಯಬೇಕು. ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಳತೆಗಳು ಬಣ್ಣ ಹೊಡೆದಾಗ ಅಳಿಸಿಹೋಗುತ್ತವೆ. ಬೋರು, ಸ್ಪ್ಲೈನು, ಓಲಾಟ, ಉಳಿದ ಅಸಮತೋಲನ, ಈ ನಾಲ್ಕು ಅಂಕಿಗಳನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಳ್ಳಿ. ನಾನು ಕೇಳಿದಾಗ ಬೇಸರವಿಲ್ಲದೆ ಬರೆದುಕೊಟ್ಟರು, ಕೆಲಸದ ಮೇಲಿನ ಆರು ತಿಂಗಳ ಖಾತರಿಯನ್ನೂ ಅದರ ಕೆಳಗೆ ಸಹಿ ಹಾಕಿ ಕೊಟ್ಟರು. ಕೇಳದವರಿಗೆ ಆ ಖಾತರಿ ಬಾಯಿಮಾತಿನಲ್ಲೇ ಇರುತ್ತದೆ.